ಜಗಳ ಸಿನಿಮಾ ಡಿಸ್ಕಿನದು, ಬಿಲ್ ಗೇಮ್ ಆಡುವವರದು

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಗೇಮ್ ಕನ್ಸೋಲ್‌ಗಳ ಲೇಖನ ಓದಿದೆ. ಡಿವಿಡಿಯ ಜಾಗಕ್ಕೆ ಬರಲು ಪೈಪೋಟಿಗಿಳಿದ ಎರಡು ಸಿನಿಮಾ ಡಿಸ್ಕ್‌ಗಳು ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ. ಅವುಗಳ ನಡುವಿನ ಹಳೆಯ ಕಾಳಗವನ್ನು ಲೇಖಕರು ಎರಡೇ ಪ್ಯಾರಾದಲ್ಲಿ ಮುಗಿಸಿದ್ದಾರೆ. ಪ್ಲೇಸ್ಟೇಷನ್ 3ರ ಒಳಗೇ ಬ್ಲೂ-ರೇ ಇಟ್ಟ ಸೋನಿ ಜಾಣ, ತನ್ನ ಎಕ್ಸ್‌ಬಾಕ್ಸ್ 360ರಿಂದ ಎಚ್‌ಡಿ ಡಿವಿಡಿ ಡ್ರೈವನ್ನು ಹೊರಗಿಟ್ಟ ಮೈಕ್ರೋಸಾಫ್ಟ್ ದಡ್ಡ ಎಂಬುದು ಅವರ ತೀರ್ಮಾನ. ಓದಲು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಬ್ಲೂ-ರೇ ಗೆದ್ದಿದ್ದು ಹೌದು. ಆ ಗೆಲುವಿಗೆ ದುಡ್ಡು ಕೊಟ್ಟವರು ಯಾರು ಎಂಬುದನ್ನು ಅವರು ಕೇಳಿಯೇ ಇಲ್ಲ.

ನಾನು ಡಿಸ್ಕ್ ಡ್ರೈವ್‌ಗಳನ್ನು ಬಿಚ್ಚಿ ರಿಪೇರಿ ಮಾಡುವವನು. ಗೇಮ್ ಆಡಿದ್ದು ಕಡಿಮೆ, ಗೇಮ್ ಯಂತ್ರಗಳ ಹೊಟ್ಟೆಯೊಳಗೆ ಕೈ ಹಾಕಿದ್ದು ಜಾಸ್ತಿ. ಹಾಗಾಗಿ ಈ ಕಥೆಯನ್ನು ನಾನು ಲೆನ್ಸಿನ ಕಡೆಯಿಂದ ನೋಡಿದ್ದೇನೆ.

ಮೊದಲು ಒಂದು ತಿದ್ದುಪಡಿ. ಲೇಖನದಲ್ಲಿ 'ಎಕ್ಸ್‌ಬಾಕ್ಸ್ 360ರ ಎಚ್‌ಡಿ ಡಿವಿಡಿ ಗೇಮ್‌ಗಳು' ಎಂದು ಬರೆದಿದೆ. ಅಂಥ ಗೇಮ್ ಒಂದೂ ಬರಲಿಲ್ಲ. ಎಕ್ಸ್‌ಬಾಕ್ಸ್ 360 ನವೆಂಬರ್ 2005ರಲ್ಲಿ ಬಂದಾಗ ಅದರೊಳಗೆ ಇದ್ದದ್ದು ಮಾಮೂಲಿ ಡಿವಿಡಿ ಡ್ರೈವ್. ಕೊನೆಯವರೆಗೂ ಅದರ ಡಿಸ್ಕ್ ಗೇಮ್‌ಗಳೆಲ್ಲ ಡಿವಿಡಿಯಲ್ಲೇ ಬಂದವು. ಎಚ್‌ಡಿ ಡಿವಿಡಿ ಬೇಕಾದವರಿಗೆ ಒಂದು ವರ್ಷದ ನಂತರ ಬೇರೆ ಪೆಟ್ಟಿಗೆ ಮಾರಿದರು. ಅದರ ಬೆಲೆ ಅಮೆರಿಕದಲ್ಲಿ 199 ಡಾಲರ್. ಯುಎಸ್‌ಬಿ ವೈರಿನಿಂದ ಕನ್ಸೋಲ್‌ಗೆ ಸಿಕ್ಕಿಸಬೇಕು, ಸಿನಿಮಾ ನೋಡಬೇಕು, ಅಷ್ಟೇ. ಆ ಪೆಟ್ಟಿಗೆ ಬಿಚ್ಚಿದರೆ ಒಳಗೆ ತೋಷಿಬಾ ಕಂಪನಿಯ ಕಂಪ್ಯೂಟರ್ ಡ್ರೈವ್ ಒಂದು ಆರಾಮಾಗಿ ಕೂತಿರುತ್ತದೆ.

ಇನ್ನು ಡಿಸ್ಕಿನ ವಿಷಯ. 'ಎರಡೂ ನೀಲಿ ಲೇಸರ್, ಹೆಸರು ಮಾತ್ರ ಬೇರೆ' ಎಂದು ಲೇಖಕರು ಹೇಳಿಬಿಟ್ಟಿದ್ದಾರೆ. ಲೇಸರ್ ಒಂದೇ, ನಿಜ. ಡಿವಿಡಿಯ ಕೆಂಪು ಲೇಸರ್‌ನ ತರಂಗದ ಉದ್ದ 650 ನ್ಯಾನೋಮೀಟರ್. ಇವೆರಡರದ್ದೂ 405. ತರಂಗ ಚಿಕ್ಕದಾದರೆ ಬೆಳಕಿನ ಚುಕ್ಕೆಯೂ ಚಿಕ್ಕದು. ಚುಕ್ಕೆ ಚಿಕ್ಕದಾದರೆ ಅದೇ ಜಾಗದಲ್ಲಿ ಜಾಸ್ತಿ ಮಾಹಿತಿ ಹಿಡಿಯುತ್ತದೆ. ಇಲ್ಲಿಯವರೆಗೆ ಇಬ್ಬರದ್ದೂ ಒಂದೇ ದಾರಿ.

ದಾರಿ ಬೇರೆಯಾಗುವುದು ಪ್ಲಾಸ್ಟಿಕ್ಕಿನ ದಪ್ಪದಲ್ಲಿ. ಡಿವಿಡಿಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿರುತ್ತದೆ. ತೋಷಿಬಾ ಕಡೆಯವರು ಎಚ್‌ಡಿ ಡಿವಿಡಿಯಲ್ಲೂ ಅದನ್ನೇ ಉಳಿಸಿಕೊಂಡರು. ಡಿವಿಡಿ ಒತ್ತುವ ಯಂತ್ರಗಳನ್ನೇ ಸ್ವಲ್ಪ ಬದಲಿಸಿ ಹೊಸ ಡಿಸ್ಕ್ ಒತ್ತಬಹುದು, ಖರ್ಚು ಕಡಿಮೆ. ಸೋನಿ, ಪ್ಯಾನಾಸೋನಿಕ್, ಫಿಲಿಪ್ಸ್ ಕಡೆಯವರು ಮಾಹಿತಿಯನ್ನು ಮೇಲ್ಮೈಗೆ ತೀರ ಹತ್ತಿರ, ಬರೀ 0.1 ಮಿಲಿಮೀಟರ್ ಕೆಳಗೆ ತಂದರು. ಬೆಳಕನ್ನು ಇನ್ನೂ ಬಿಗಿಯಾಗಿ ಒಂದೆಡೆ ಸೇರಿಸುವ ಲೆನ್ಸ್ ಹಾಕಿದರು. ಅಂಥ ಲೆನ್ಸ್ ಬಹಳ ಸೂಕ್ಷ್ಮ. ಬೆಳಕು ದಪ್ಪ ಪ್ಲಾಸ್ಟಿಕ್ ದಾಟಿ ಹೋಗಬೇಕಾದರೆ ಡಿಸ್ಕ್ ಚೂರು ಓರೆಯಾದರೂ ಚುಕ್ಕೆ ಕದಡಿಹೋಗುತ್ತದೆ. ಅದಕ್ಕೇ ಪದರ ತೆಳ್ಳಗಾಯಿತು. ಹೀಗೆ ಬ್ಲೂ-ರೇಯ ಒಂದು ಪದರದಲ್ಲಿ 25 ಜಿಬಿ, ಎರಡರಲ್ಲಿ 50. ಎಚ್‌ಡಿ ಡಿವಿಡಿಯಲ್ಲಿ 15 ಮತ್ತು 30.

ಈ 0.1 ಮಿಲಿಮೀಟರ್ ಏನು ಅಂತ ನಮ್ಮಂಥವರಿಗೆ ಕೈಗೇ ಗೊತ್ತಾಗುತ್ತದೆ. ಗೀಚುಬಿದ್ದ ಡಿವಿಡಿ ಗೇಮನ್ನು ಪಾಲಿಶ್ ಯಂತ್ರಕ್ಕೆ ಕೊಟ್ಟು ಮೇಲಿನ ಪ್ಲಾಸ್ಟಿಕ್ಕನ್ನು ತುಸು ಸವೆಸಿದರೆ ಎಷ್ಟೋ ಸಲ ಮತ್ತೆ ಓಡುತ್ತದೆ. ಸವೆಸಲು ದಪ್ಪವಿದೆ. ಬ್ಲೂ-ರೇಯಲ್ಲಿ ಆ ಆಟ ನಡೆಯುವುದಿಲ್ಲ. ಸವೆಸಲು ಅಲ್ಲಿ ಇರುವುದೇ ಏನು? ಮೊದಮೊದಲು ಈ ಭಯಕ್ಕೇ ಬ್ಲೂ-ರೇ ಡಿಸ್ಕನ್ನು ಪ್ಲಾಸ್ಟಿಕ್ ಚೌಕಟ್ಟಿನೊಳಗೆ ಇಟ್ಟೇ ಮಾರುವ ಯೋಚನೆಯಿತ್ತು. ಆಮೇಲೆ ಟಿಡಿಕೆ ಕಂಪನಿ ಗಟ್ಟಿ ಲೇಪನ ಕಂಡುಹಿಡಿದ ಮೇಲೆ ಚೌಕಟ್ಟು ಬಿಟ್ಟರು. ಆ ಲೇಪನ ಚೆನ್ನಾಗಿದೆ, ಸುಲಭಕ್ಕೆ ಗೀಚು ಬೀಳುವುದಿಲ್ಲ. ಬಿದ್ದರೆ ಮಾತ್ರ ಕಥೆ ಮುಗಿಯಿತು.

ಸಿನಿಮಾ ನೋಡುವವರಿಗೆ ಇದರಿಂದ ಏನು ವ್ಯತ್ಯಾಸ? ಹೇಳಿಕೊಳ್ಳುವಂಥದ್ದೇನಿಲ್ಲ. ಎರಡರಲ್ಲೂ 1080 ಗೆರೆಗಳ ಚಿತ್ರ. ಎರಡರಲ್ಲೂ ಚಿತ್ರವನ್ನು ಕುಗ್ಗಿಸುವ ವಿಧಾನಗಳೂ ಅವೇ. ಟಿವಿ ಮುಂದೆ ಕೂತವರಿಗೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಇಷ್ಟು ಸಮಬಲದ ಜಗಳ ಡಿಸ್ಕಿನ ಗುಣದಿಂದ ತೀರ್ಮಾನವಾಗುವಂತಿರಲಿಲ್ಲ. ಬೇರೆ ತೂಕ ಬೇಕಿತ್ತು. ಆ ತೂಕ ಗೇಮ್ ಕನ್ಸೋಲ್.

ಸೋನಿಗೆ ಈ ಉಪಾಯ ಹೊಳೆದದ್ದು ಪ್ಲೇಸ್ಟೇಷನ್ 2ರಿಂದ. 2000ದಲ್ಲಿ ಬಂದ ಆ ಯಂತ್ರ ಡಿವಿಡಿಯನ್ನೂ ಓಡಿಸುತ್ತಿತ್ತು. ಎಷ್ಟೋ ಮನೆಗಳಲ್ಲಿ ಅದೇ ಮೊದಲ ಡಿವಿಡಿ ಪ್ಲೇಯರ್. ಮುಂದೆ 15 ಕೋಟಿಗೂ ಜಾಸ್ತಿ ಮಾರಾಟವಾಯಿತು. ಆದರೆ ಒಂದು ವಿಷಯ ಮರೆಯಬಾರದು. ಪ್ಲೇಸ್ಟೇಷನ್ 2 ಬರುವ ಹೊತ್ತಿಗೆ ಡಿವಿಡಿಯ ಜಗಳ ಮುಗಿದು ವರ್ಷಗಳಾಗಿದ್ದವು. ಅದೂ ಇದೇ ಜೋಡಿಯ ಜಗಳ. ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ. ಆಗ ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಒಟ್ಟಾಗಿ, ಒಂದೇ ಡಿಸ್ಕ್ ತನ್ನಿ, ಎರಡು ತಂದರೆ ನಮಗೆ ಬೇಡ ಎಂದು ಪಟ್ಟು ಹಿಡಿದವು. 1995ರಲ್ಲಿ ಇಬ್ಬರೂ ರಾಜಿಯಾದರು. ಜನ ಕಣ್ಣುಮುಚ್ಚಿ ಕೊಂಡರು.

ಹತ್ತು ವರ್ಷದ ನಂತರ, 2005ರಲ್ಲಿ, ಮತ್ತೆ ರಾಜಿ ಮಾತುಕತೆ ನಡೆಯಿತು. ಮುರಿದುಬಿತ್ತು. ಈ ಸಲ ಬುದ್ಧಿ ಹೇಳಬೇಕಾದ ಕಂಪ್ಯೂಟರ್ ಕಂಪನಿಗಳೇ ಎರಡು ಪಾಲಾಗಿದ್ದವು. ಮೈಕ್ರೋಸಾಫ್ಟ್, ಇಂಟೆಲ್ ತೋಷಿಬಾ ಕಡೆ. ಡೆಲ್, ಆಪಲ್ ಬ್ಲೂ-ರೇ ಕಡೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಬಡವಾದ ಕೂಸು ಗೇಮ್ ಆಡುವವನು.

ಹೇಗೆ ಅಂದರೆ, ಪ್ಲೇಸ್ಟೇಷನ್ 3 ನವೆಂಬರ್ 2006ರಲ್ಲಿ ಬಂತು. ಎಕ್ಸ್‌ಬಾಕ್ಸ್‌ಗಿಂತ ಒಂದು ವರ್ಷ ತಡ. ಬೆಲೆ 499 ಮತ್ತು 599 ಡಾಲರ್. ಎಕ್ಸ್‌ಬಾಕ್ಸ್ 360 ಬಂದಾಗ 299 ಮತ್ತು 399 ಇತ್ತು. ನೀಲಿ ಲೇಸರ್ ಡಯೋಡ್‌ಗಳು ಬೇಕಾದಷ್ಟು ತಯಾರಾಗುತ್ತಿರಲಿಲ್ಲ. ಹಾಗಾಗಿ ಯುರೋಪಿನವರು ಮಾರ್ಚ್ 2007ರವರೆಗೆ ಕಾಯಬೇಕಾಯಿತು. ಒಂದು ಸಾಸಿವೆ ಕಾಳಿಗಿಂತ ಚಿಕ್ಕ ಡಯೋಡಿನಿಂದ ಒಂದಿಡೀ ಖಂಡಕ್ಕೆ ಕನ್ಸೋಲ್ ತಡವಾಯಿತು! ಯಂತ್ರ ಬಿಚ್ಚಿ ಲೆಕ್ಕ ಹಾಕಿದ ಐಸಪ್ಲೈ ಎಂಬ ಸಂಸ್ಥೆ, ತಯಾರಿಕೆಯ ಖರ್ಚೇ 800 ಡಾಲರ್ ದಾಟುತ್ತದೆ ಎಂದು ಅಂದಾಜು ಮಾಡಿತು. ಅಂದರೆ 599ಕ್ಕೆ ಮಾರಿದರೂ ಸೋನಿಗೆ ನಷ್ಟ. ಮಾರ್ಚ್ 2007ಕ್ಕೆ ಮುಗಿದ ವರ್ಷದಲ್ಲಿ ಸೋನಿಯ ಗೇಮ್ ವಿಭಾಗ 230 ಬಿಲಿಯನ್ ಯೆನ್‌ಗೂ ಮೀರಿ ನಷ್ಟ ತೋರಿಸಿತು. ಇದೆಲ್ಲ ಬರೀ ಬ್ಲೂ-ರೇಯಿಂದ ಆಯಿತು ಅನ್ನುವುದಿಲ್ಲ, ಅದರ ಸೆಲ್ ಪ್ರೊಸೆಸರ್ ಕೂಡ ದುಬಾರಿಯೇ. ಆದರೆ ಡ್ರೈವಿನ ಪಾಲು ದೊಡ್ಡದು.

ಸಿನಿಮಾ ಪ್ರಿಯರಿಗೆ ಮಾತ್ರ ಅದು ಸುಗ್ಗಿ. 2006ರಲ್ಲಿ ಅಮೆರಿಕಕ್ಕೆ ಬಂದ ಮೊದಲ ಬ್ಲೂ-ರೇ ಪ್ಲೇಯರ್ ಬೆಲೆ 999 ಡಾಲರ್. ಅದರ ಅರ್ಧಕ್ಕೆ ಪ್ಲೇಸ್ಟೇಷನ್ ಸಿಕ್ಕಿತು, ಜೊತೆಗೆ ಗೇಮ್ ಉಚಿತ ಅಂದುಕೊಳ್ಳಿ. ಅದರ ಸಾಫ್ಟ್‌ವೇರ್ ಅಪ್‌ಡೇಟ್ ಆಗುತ್ತಲೇ ಇತ್ತು. ಬ್ಲೂ-ರೇಗೆ ಹೊಸ ನಿಯಮ ಬಂದಾಗಲೆಲ್ಲ ಹಳೆಯ ಪ್ಲೇಯರ್‌ಗಳು ಹಿಂದೆ ಬಿದ್ದವು, ಪ್ಲೇಸ್ಟೇಷನ್ ಬೀಳಲಿಲ್ಲ. ಈ ಒಳ್ಳೆಯದನ್ನು ಒಪ್ಪಲೇಬೇಕು.

ಈಗ ಲೇಖಕರು ಬಿಟ್ಟಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. 2007ರ ಕೊನೆಗೆ ಸೋನಿ 399 ಡಾಲರ್‌ನ ಅಗ್ಗದ ಮಾದರಿ ತಂದಿತು. ಬೆಲೆ ಇಳಿಸಲು ಏನನ್ನು ಕಿತ್ತುಹಾಕಿದರು ನೋಡಿ. ಪ್ಲೇಸ್ಟೇಷನ್ 2ರ ಗೇಮ್ ಆಡುವ ಸೌಲಭ್ಯ ಹೋಯಿತು. ಮೊದಲ ಯಂತ್ರಗಳಲ್ಲಿ ಅದಕ್ಕೆಂದೇ ಹಳೆಯ ಚಿಪ್ ಕೂರಿಸಿದ್ದರು. ಯುರೋಪಿಗೆ ಬರುವಾಗ ಅದರಲ್ಲಿ ಅರ್ಧ ಕಿತ್ತರು. ಈ ಮಾದರಿಯಲ್ಲಿ ಪೂರ್ತಿ ಕಿತ್ತರು. ನಾಲ್ಕು ಯುಎಸ್‌ಬಿ ಕಿಂಡಿಗಳು ಎರಡಾದವು. ಮೆಮೊರಿ ಕಾರ್ಡ್ ಕಿಂಡಿಗಳೂ ಹೋದವು. ಬ್ಲೂ-ರೇ ಡ್ರೈವ್ ಮಾತ್ರ ಜಾಗ ಬಿಟ್ಟು ಅಲ್ಲಾಡಲಿಲ್ಲ. ಹತ್ತಾರು ಹಳೆಯ ಗೇಮ್ ಡಿಸ್ಕ್ ಕೂಡಿಟ್ಟವನಿಗೆ ಯಾವುದು ಮುಖ್ಯವಾಗಿತ್ತು? ಅವನನ್ನು ಯಾರೂ ಕೇಳಲಿಲ್ಲ. ಆ ಹೊತ್ತಿಗೆ ಎಚ್‌ಡಿ ಡಿವಿಡಿ ಇನ್ನೂ ಜೀವಂತವಿತ್ತು. ಆಗಸ್ಟ್ 2007ರಲ್ಲಿ ತಾನೇ ಸಿನಿಮಾ ಕಂಪನಿ ಪ್ಯಾರಾಮೌಂಟ್ ಆ ಕಡೆ ವಾಲಿತ್ತು. ಯುದ್ಧ ನಡೆಯುವಾಗ ಡ್ರೈವ್ ತೆಗೆಯುವ ಮಾತೇ ಇಲ್ಲ. ಹಾಗಾಗಿ ಗೇಮ್ ಆಡುವವನ ವಸ್ತು ಹೋಯಿತು, ಸಿನಿಮಾ ನೋಡುವವನದ್ದು ಉಳಿಯಿತು. ಬಿಲ್ ಯಾರ ಹೆಸರಿಗೆ ಬಂತು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನನಗೆ ಬರುವುದಿಲ್ಲ.

'ಆದರೂ 50 ಜಿಬಿ ಗೇಮ್‌ಗೆ ಉಪಯೋಗವಾಯಿತಲ್ಲ' ಎಂದು ಲೇಖಕರು ಕೇಳಬಹುದು. ಆಯಿತು, ತಡವಾಗಿ. ಎಕ್ಸ್‌ಬಾಕ್ಸ್ ಡಿವಿಡಿಯಲ್ಲಿ ಗೇಮ್‌ಗೆ ಸಿಗುತ್ತಿದ್ದ ಜಾಗ ಹೆಚ್ಚುಕಡಿಮೆ 7 ಜಿಬಿ. 'ಲಾಸ್ಟ್ ಒಡಿಸ್ಸಿ' ನಾಲ್ಕು ಡಿಸ್ಕಿನಲ್ಲಿ ಬಂತು. 'ಫೈನಲ್ ಫ್ಯಾಂಟಸಿ 13' ಎಕ್ಸ್‌ಬಾಕ್ಸ್‌ಗೆ ಮೂರು ಡಿಸ್ಕ್, ಪ್ಲೇಸ್ಟೇಷನ್‌ಗೆ ಒಂದೇ ಬ್ಲೂ-ರೇ. ಕಥೆ ರಂಗೇರುವಾಗ ಎದ್ದು ಹೋಗಿ ಡಿಸ್ಕ್ ಬದಲಿಸುವುದು ಕಿರಿಕಿರಿಯೇ. ಆದರೆ ಕಥೆಯ ಗೇಮ್‌ಗಳಿಗೆ ಅದು ಹೇಗೋ ನಡೆಯುತ್ತದೆ. ಊರಿಡೀ ಎಲ್ಲಿ ಬೇಕಾದರೂ ಅಲೆಯುವ ಗೇಮ್ ಮಾಡುವವರಿಗೆ ನಿಜವಾದ ತಲೆನೋವು. ಊರಿನ ಅರ್ಧ ಒಂದು ಡಿಸ್ಕಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇಡಲು ಆಗುತ್ತದೆಯೇ? ಎರಡೂ ಯಂತ್ರಕ್ಕೆ ಗೇಮ್ ಮಾಡುವ ಕಂಪನಿಗಳು ಚಿಕ್ಕ ಡಿಸ್ಕಿಗೇ ಅಳತೆ ಹಿಡಿಯಬೇಕಾಯಿತು. ಪ್ಲೇಸ್ಟೇಷನ್ ಕೊಂಡವನು ದೊಡ್ಡ ಡಿಸ್ಕಿಗೆ ದುಡ್ಡು ಕೊಟ್ಟು ಅರ್ಧ ಖಾಲಿ ಡಿಸ್ಕ್ ಆಡಿದ.

ವೇಗದ್ದು ಇನ್ನೊಂದು ಗೋಳು. ಪ್ಲೇಸ್ಟೇಷನ್ 3ರ ಡ್ರೈವ್ ಬ್ಲೂ-ರೇಯನ್ನು 2ಎಕ್ಸ್ ವೇಗದಲ್ಲಿ, ಅಂದರೆ ಆ ಡಿಸ್ಕಿನ ಮೂಲ ವೇಗದ ಎರಡು ಪಟ್ಟಿನಲ್ಲಿ ಓದುತ್ತಿತ್ತು. ಸೆಕೆಂಡಿಗೆ 9 ಎಂಬಿ. ಸಿನಿಮಾಗೆ ಧಾರಾಳವಾಯಿತು. ಎಕ್ಸ್‌ಬಾಕ್ಸಿನ 12ಎಕ್ಸ್ ಡಿವಿಡಿ ಡ್ರೈವ್ ಡಿಸ್ಕಿನ ಹೊರ ಅಂಚಿನಲ್ಲಿ 15 ಎಂಬಿ ದಾಟುತ್ತಿತ್ತು. ಸಿನಿಮಾ ಮೊದಲಿಂದ ಕೊನೆಯವರೆಗೆ ನೇರ ಓಡುತ್ತದೆ. ಗೇಮ್ ಹಾಗಲ್ಲ. ಬಾಗಿಲು ತೆರೆದರೆ ಒಂದು ಕಡೆಯಿಂದ ಚಿತ್ರ, ಗುಂಡು ಹಾರಿದರೆ ಇನ್ನೊಂದು ಕಡೆಯಿಂದ ಸದ್ದು. ಲೆನ್ಸ್ ಹೊತ್ತ ಗಾಡಿ ಹಳಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇರುತ್ತದೆ. ಮುಚ್ಚಳ ತೆಗೆದು ಓಡಿಸಿದಾಗ ಇದನ್ನು ಕಣ್ಣಾರೆ ನೋಡಬಹುದು. ಸಿನಿಮಾ ಹಾಕಿದರೆ ಗಾಡಿ ಚಲಿಸುವುದೇ ಗೊತ್ತಾಗುವುದಿಲ್ಲ. ಗೇಮ್ ಹಾಕಿದರೆ ಟಕಟಕ ಅಂತ ಕೂತಲ್ಲಿ ಕೂರುವುದಿಲ್ಲ. ಈ ಓಡಾಟ ತಪ್ಪಿಸಲು ಗೇಮ್ ಮಾಡುವವರು ಒಂದೇ ಫೈಲನ್ನು ಡಿಸ್ಕಿನ ಹಲವು ಕಡೆ ಬರೆಯುತ್ತಿದ್ದರು. ಅದೂ ಸಾಲದಾದಾಗ ಹಾರ್ಡ್ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿಸುತ್ತಿದ್ದರು. 2008ರ 'ಮೆಟಲ್ ಗೇರ್ ಸಾಲಿಡ್ 4' ಎರಡು ಪದರದ ಬ್ಲೂ-ರೇಯಲ್ಲಿ ಬಂತು. ಅದು ಅಂಕ ಬದಲಾದಾಗಲೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳುತ್ತಿತ್ತು. ಸಿನಿಮಾಗೆಂದು ಅಳತೆ ಕೊಟ್ಟು ಹೊಲಿಸಿದ ಡ್ರೈವ್ ಅದು. ಗೇಮ್ ಅದರೊಳಗೆ ಹೇಗೋ ಮೈ ತೂರಿಸಿಕೊಂಡಿತು.

ಮೈಕ್ರೋಸಾಫ್ಟ್ ದಡ್ಡತನಕ್ಕೆ ಬರೋಣ. ಜನವರಿ 2008ರಲ್ಲಿ ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದಿತು. ಅದೇ ವಾರ ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ನಡೆಯಬೇಕಿದ್ದ ಪತ್ರಿಕಾಗೋಷ್ಠಿಯನ್ನು ಎಚ್‌ಡಿ ಡಿವಿಡಿ ಬಳಗ ರದ್ದು ಮಾಡಿತು. ಫೆಬ್ರವರಿಯಲ್ಲಿ, ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್ ಮತ್ತು ಅಂಗಡಿ ಸರಣಿ ವಾಲ್‌ಮಾರ್ಟ್ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟವು. ಫೆಬ್ರವರಿ 19ಕ್ಕೆ ತೋಷಿಬಾ ಎಚ್‌ಡಿ ಡಿವಿಡಿಯ ಅಂಗಡಿ ಮುಚ್ಚಿತು. ಎಕ್ಸ್‌ಬಾಕ್ಸಿನ ಹೊರಪೆಟ್ಟಿಗೆ ಕೆಲವೇ ದಿನದಲ್ಲಿ 50 ಡಾಲರ್‌ಗೆ ಇಳಿಯಿತು. ಅದನ್ನು ಕೊಂಡವರಿಗೆ ಹೊಟ್ಟೆ ಉರಿದಿರಬೇಕು. ಆದರೆ ಕೊಳ್ಳದವರ ಎಕ್ಸ್‌ಬಾಕ್ಸ್‌ಗೆ ಏನಾಯಿತು? ಏನೂ ಆಗಲಿಲ್ಲ. ಮರುದಿನವೂ ಅದು ಹಿಂದಿನ ದಿನದಂತೆಯೇ ಗೇಮ್ ಆಡಿಸಿತು. ಆ ಯಂತ್ರಕ್ಕೆ ಬೇರೆ ರೋಗಗಳು ಬೇಕಾದಷ್ಟಿದ್ದವು, ಅದಕ್ಕೇ ಬೇರೆ ಪತ್ರ ಬರೆಯಬೇಕು. ಆದರೆ ಸೋಲುವ ಡಿಸ್ಕಿನ ಜೊತೆ ಕನ್ಸೋಲನ್ನು ಕಟ್ಟಿಹಾಕದ್ದು ದಡ್ಡತನ ಹೇಗಾಗುತ್ತದೆ? ಒಂದು ವೇಳೆ ಎಚ್‌ಡಿ ಡಿವಿಡಿ ಗೆದ್ದಿದ್ದರೆ ಪ್ಲೇಸ್ಟೇಷನ್ ಕೊಂಡವರ ಗತಿ ಏನಾಗುತ್ತಿತ್ತು, ಯೋಚಿಸಿ. ಅವರ ಗೇಮ್‌ಗಳೆಲ್ಲ ಸತ್ತ ಡಿಸ್ಕಿನ ಮೇಲೆ ಇರುತ್ತಿದ್ದವು.

ಇನ್ನು ಅದೇ ಕಾಲದ ಮೂರನೆಯ ಕನ್ಸೋಲ್, ನಿಂಟೆಂಡೊ ವೀ. ಲೇಖನದಲ್ಲಿ ಅದರ ಹೆಸರೇ ಇಲ್ಲ. ಅದಕ್ಕೆ ಬ್ಲೂ-ರೇ ಇಲ್ಲ, ಎಚ್‌ಡಿ ಡಿವಿಡಿ ಇಲ್ಲ, ಸಾಮಾನ್ಯ ಸಿನಿಮಾ ಡಿವಿಡಿ ಕೂಡ ಓಡುತ್ತಿರಲಿಲ್ಲ. ಎಚ್‌ಡಿ ಚಿತ್ರವೂ ಇಲ್ಲ. 10 ಕೋಟಿ ಮಾರಾಟವಾಯಿತು. ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಎರಡೂ 8 ಕೋಟಿ ದಾಟಿ ನಿಂತವು. 15 ಕೋಟಿಯಿಂದ 8 ಕೋಟಿ ಚಿಲ್ಲರೆಗೆ ಇಳಿದ ಸೋನಿಗೆ ಬ್ಲೂ-ರೇ ಗೆಲುವು ಸುಮ್ನೆ ಬಂದದ್ದಲ್ಲ, ಅಲ್ವಾ?

ಮುಂದಿನದ್ದು ಸ್ವಲ್ಪ ತಮಾಷೆ. 2009ರಲ್ಲಿ ತೋಷಿಬಾ ತಾನೇ ಬ್ಲೂ-ರೇ ಪ್ಲೇಯರ್ ಮಾಡಿತು. 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲೂ ಬ್ಲೂ-ರೇ ಬಂತು. 2016ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಒನ್ ಎಸ್ 4ಕೆ ಬ್ಲೂ-ರೇ ಓಡಿಸಿತು. ಅದೇ ವರ್ಷ ಬಂದ ಸೋನಿಯ ಪ್ಲೇಸ್ಟೇಷನ್ 4 ಪ್ರೊ ಓಡಿಸಲಿಲ್ಲ! ಯಾವ ಡಿಸ್ಕಿಗಾಗಿ ಹತ್ತು ವರ್ಷ ಹಿಂದೆ ಕನ್ಸೋಲನ್ನೇ ಪಣಕ್ಕಿಟ್ಟಿದ್ದರೋ ಅದರ ಹೊಸ ರೂಪ ಅವರಿಗೇ ಬೇಡವಾಗಿತ್ತು.

ಈಗ ಡ್ರೈವೇ ಬೇಡವಾಗಿದೆ. 2024ರಲ್ಲಿ ಪ್ಲೇಸ್ಟೇಷನ್ 5 ಪ್ರೊ ಬಂದಾಗ ಅಮೆರಿಕದಲ್ಲಿ ಅದಕ್ಕೆ 699 ಡಾಲರ್ ಇತ್ತು, ಒಳಗೆ ಡ್ರೈವ್ ಇಲ್ಲ. ಬೇಕಾದವರು ಆಗ ಇನ್ನೂ 80 ಡಾಲರ್ ಕೊಟ್ಟು ಬೇರೆ ಕೊಳ್ಳಬೇಕಿತ್ತು. ಮೊದಲ ಸಲ ಸಿಕ್ಕಿಸುವಾಗ ಇಂಟರ್‌ನೆಟ್ ಇರಲೇಬೇಕು. ಇದನ್ನು ಲೇಖಕರು 'ಕಾಲಕ್ಕೆ ತಕ್ಕ ಬದಲಾವಣೆ' ಎಂದು ಮೆಚ್ಚಿದ್ದಾರೆ. ನನಗೆ ಮೆಚ್ಚಲು ಆಗುತ್ತಿಲ್ಲ. ಸಿನಿಮಾ ಡಿಸ್ಕನ್ನು ಗೆಲ್ಲಿಸಲು ಬೇಕಾದಾಗ ಎಲ್ಲರೂ ಡ್ರೈವ್ ಕೊಳ್ಳಲೇಬೇಕಿತ್ತು. ಗೆದ್ದ ಮೇಲೆ, ಗೇಮ್ ಆಡುವವನಿಗೆ ಅದರ ಬೆಲೆ ಗೊತ್ತಾದ ಮೇಲೆ, ಅದು ಹೆಚ್ಚುವರಿ ಸಾಮಾನು.

ಬೆಲೆ ಅಂದೆ. ಡಿಸ್ಕ್ ಇದ್ದರೆ ಗೆಳೆಯನಿಗೆ ಕೊಡಬಹುದು, ಆಡಿ ಮುಗಿಸಿ ಮಾರಬಹುದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆ ಇಂಟರ್‌ನೆಟ್ ಕೇಳುತ್ತದೆ, ಹಳೆಯ ಡಿಸ್ಕ್ ಮಾರಲು ಕಟ್ಟುಪಾಡು ಇರುತ್ತದೆ ಎಂದಾಗ ಜನ ರೇಗಿದರು. ಬಿಡುಗಡೆಗೆ ಮೊದಲೇ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಜುಲೈ 2024ರಲ್ಲಿ ಎಕ್ಸ್‌ಬಾಕ್ಸ್ 360ರ ಆನ್‌ಲೈನ್ ಅಂಗಡಿ ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಎಷ್ಟೋ ಗೇಮ್‌ಗಳನ್ನು ಆ ಯಂತ್ರಕ್ಕೆ ಇನ್ನು ಹೊಸದಾಗಿ ಕೊಳ್ಳಲಾಗದು. ಅದೇ ಯಂತ್ರದ ಡಿವಿಡಿ ಗೇಮ್ ಮಾತ್ರ ಹಾಕಿದರೆ ಇವತ್ತೂ ಓಡುತ್ತದೆ.

ಓಡಬೇಕಾದರೆ ಡ್ರೈವ್ ಕೆಟ್ಟಿರಬಾರದು. ಪ್ಲೇಸ್ಟೇಷನ್ 3 ನನ್ನ ಮೇಜಿಗೆ ಬರುವಾಗ ದೂರು ಹೆಚ್ಚಾಗಿ ಒಂದೇ ತೆರ: 'ಡಿವಿಡಿ ಓಡುತ್ತೆ, ಗೇಮ್ ಓಡಲ್ಲ.' ಕಾರಣ ಸರಳ. ಕೆಂಪು ಲೇಸರ್‌ನ ಡಯೋಡ್ ಬೇರೆ, ನೀಲಿಯದ್ದು ಬೇರೆ. ನೀಲಿಯದು ಸೋತಿರುತ್ತದೆ. ಲೇಸರ್ ಇರುವ ಭಾಗ ಬದಲಿಸಿದರೆ ಸರಿಹೋಗುತ್ತದೆ. ಆದರೆ ಇಡೀ ಡ್ರೈವ್ ತೆಗೆದು ಇನ್ನೊಂದು ಯಂತ್ರದ ಡ್ರೈವ್ ಕೂರಿಸಿದರೆ ಗೇಮ್ ಓಡುವುದಿಲ್ಲ. ಡ್ರೈವಿನ ಚಿಕ್ಕ ಬೋರ್ಡಿಗೂ ಕನ್ಸೋಲಿನ ಮುಖ್ಯ ಬೋರ್ಡಿಗೂ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ನಕಲು ತಡೆಯಲು ಅಂತ. ಹಾಗಾಗಿ ಹಳೆಯ ಬೋರ್ಡನ್ನು ಹುಷಾರಾಗಿ ಬಿಚ್ಚಿ ಹೊಸ ಡ್ರೈವಿಗೆ ಹಾಕಬೇಕು. ಪಟ್ಟಿ ವೈರು ಹರಿಯಿತೋ, ಮುಗೀತು. ಎಕ್ಸ್‌ಬಾಕ್ಸ್‌ನ ಹೊರಪೆಟ್ಟಿಗೆಗೆ ಈ ಕಾಟವಿಲ್ಲ. ಸೋತ ಆ ಪೆಟ್ಟಿಗೆಯನ್ನು ಇವತ್ತೂ ಕಂಪ್ಯೂಟರಿಗೆ ಸಿಕ್ಕಿಸಿ ಎಚ್‌ಡಿ ಡಿವಿಡಿ ಓದಿಸುವವರಿದ್ದಾರೆ.

ಹಾಗಾಗಿ ಒಂದು ಕೋರಿಕೆ. ನಿಮ್ಮ ಪುಟದಲ್ಲಿ ಕನ್ಸೋಲ್‌ಗಳನ್ನು ಹೋಲಿಸುವ ಪಟ್ಟಿ ಹಾಕುತ್ತೀರಲ್ಲ, ಅದರಲ್ಲಿ ಪ್ರೊಸೆಸರ್, ಮೆಮೊರಿ, 4ಕೆ ಎಲ್ಲ ಇರುತ್ತದೆ. ಇನ್ನೊಂದು ಸಾಲು ಸೇರಿಸಿ. ಡ್ರೈವ್ ಇದೆಯೇ, ಕೆಟ್ಟರೆ ಬೇರೆ ಡ್ರೈವ್ ಹಾಕಬಹುದೇ, ಹಾಕಿದಾಗ ಕಂಪನಿಯ ಸರ್ವರ್ ಒಪ್ಪಿಗೆ ಬೇಕೇ? ಕೊಳ್ಳುವ ಮೊದಲು ತಿಳಿದಿರಲಿ.

ಇಂತಿ,
ಡ್ರೈವ್ ರಿಪೇರಿ ಮಾಡುವ ನಿಮ್ಮ ಓದುಗ